ಹಿಂದಿನ ಕೆಂಪು ದೀಪದ ಕಥೆ: ರೋಣ, ನರಗುಂದ, ಗಜೇಂದ್ರಗಡದ ರಸ್ತೆಯಲ್ಲಿ ಚಕ್ಕಡಿ, ಜೀಪು, ಸುಮೋ

(ಪಾಡ್‌ಕಾಸ್ಟ್‌ನ ಬರಹ ರೂಪ)

ನರಗುಂದ ಅಂದ ಕೂಡಲೇ ನಮಗೆ 1858ರ ಬಾಬಾಸಾಹೇಬ ಭಾವೆ ನೆನಪಾಗ್ತಾರೆ, ಇಲ್ಲಾ 1980ರ ರೈತ ಬಂಡಾಯ. ಗಜೇಂದ್ರಗಡ ಅಂದ್ರೆ ಕೋಟೆ, ಕಾಲಕಾಲೇಶ್ವರ, ಟಿಪ್ಪು ಮತ್ತು ಮರಾಠರ ನಡುವಿನ 1787ರ ಒಪ್ಪಂದ. ರೋಣ ಅಂದ್ರೆ ದ್ರೋಣಪುರ, ಹಳೇ ಗುಡಿಗಳು, ಪಕ್ಕದಲ್ಲಿ ಸೂಡಿಯ ಜೋಡು ಕಳಸದ ದೇವಸ್ಥಾನ. ಇವನ್ನೆಲ್ಲ ಹೇಳೋರು ಬೇಕಾದಷ್ಟು ಜನ ಇದ್ದಾರೆ, ಹೇಳ್ತಾನೂ ಇದ್ದಾರೆ. ಇವತ್ತು ನಾನು ಹೇಳೋದು ಈ ಮೂರೂ ಊರುಗಳ ನಡುವಿನ ರಸ್ತೆಯ ಕಥೆ, ಅದೂ ರಾತ್ರಿಯದ್ದು. ರಾತ್ರಿ ಹೋಗೋ ಗಾಡಿಗೆ ಹೊರಗಡೆ ಯಾವ ದೀಪ ಇತ್ತು, ಅದು ಹೇಗೆ ಬದಲಾಯ್ತು, ಇವತ್ತು ಮನೆಮಂದಿಯೆಲ್ಲ ಕೂತು ಜಾತ್ರೆಗೆ ಹೋಗೋ ದೊಡ್ಡ ಗಾಡಿಯಲ್ಲಿ ಆ ದೀಪ ಯಾಕೆ ಕೈಕೊಡುತ್ತೆ ಅನ್ನೋದು.

ಇದೇನು ಇತಿಹಾಸದ ವಿಷಯವಾ ಅಂತ ಕೇಳಬಹುದು. ಒಂದೇ ಮಾತು ಹೇಳ್ತೀನಿ: ಗಾಡಿಯ ದೀಪಕ್ಕೆ ಎರಡು ಕೆಲಸ. ಒಂದು, ನಮಗೆ ದಾರಿ ತೋರಿಸೋದು. ಇನ್ನೊಂದು, ನಮ್ಮನ್ನ ಬೇರೆಯವರಿಗೆ ತೋರಿಸೋದು. ಕಳೆದ ನೂರು ವರ್ಷದಲ್ಲಿ ನಾವು ಮೊದಲನೇ ಕೆಲಸಕ್ಕೆ ದುಡ್ಡು ಸುರಿದಿದ್ದೀವಿ. ಎರಡನೇದನ್ನ ಬಹಳ ಮಟ್ಟಿಗೆ ಮರೆತಿದ್ದೀವಿ. ಆದರೆ ನಮ್ಮ ಭಾಗದ ರಸ್ತೆಯಲ್ಲಿ ಶುರುವಾಗಿದ್ದು ಎರಡನೇದರಿಂದ.

ಚಕ್ಕಡಿಯ ಕಂದೀಲು ನೋಡಿದವರು ಇನ್ನೂ ಇದ್ದಾರೆ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ, ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡ. ರೋಣ, ಗಜೇಂದ್ರಗಡ ಕಡೆಯ ಚಕ್ಕಡಿಗಳು ಬಾದಾಮಿ ದಾರಿ ಹಿಡಿದ್ರೆ, ನರಗುಂದದ ಕಡೆಯವು ಸವದತ್ತಿ ದಾರಿ ಹಿಡೀತಿದ್ವು. ರಾತ್ರಿ ಊಟ ಮುಗಿಸಿ ಕೊಳ್ಳು ಕಟ್ಟಿದ್ರೆ ಬೆಳಗ್ಗೆ ಹೊತ್ತಿಗೆ ಅರ್ಧ ದಾರಿ. ಎತ್ತಿಗೂ ತಂಪು, ಮಕ್ಕಳಿಗೂ ನಿದ್ದೆ. ಈ ಜಾತ್ರೆಗಳೆಲ್ಲ ಹುಣ್ಣಿಮೆ ಸುತ್ತಮುತ್ತ ಇರೋದಕ್ಕೆ ಧಾರ್ಮಿಕ ಕಾರಣ ಏನೇ ಇರಲಿ, ರಾತ್ರಿ ಗಾಡಿ ಹೊಡೆಯೋರಿಗೆ ಮಾತ್ರ ಅದು ಪುಕ್ಕಟೆ ಬೀದಿದೀಪ. ಎರೆನೆಲದ ಬಯಲಲ್ಲಿ ಬೆಳದಿಂಗಳು ಬಿದ್ರೆ ದಾರಿ ಕಾಣೋಕೆ ಬೇರೆ ಬೆಳಕೇ ಬೇಡ. ಎತ್ತಿಗಂತೂ ದಾರಿ ಗೊತ್ತೇ ಇರುತ್ತೆ, ಹೊಡೆಯೋನು ತೂಕಡಿಸಿದ್ರೂ ಅವು ನಡೀತಾವೆ.

ಹಂಗಾದ್ರೆ ಕಂದೀಲು ಯಾಕೆ? ಅದನ್ನ ಕಟ್ಟುತಿದ್ದ ಜಾಗ ನೋಡಿ. ಮುಂದೆ ನೊಗಕ್ಕಲ್ಲ. ಗಾಡಿಯ ಕೆಳಗೆ, ಅಚ್ಚಿನ ಹತ್ತಿರ. ಅಲ್ಲಿದ್ದರೆ ಹೊಡೆಯೋನ ಕಣ್ಣಿಗೆ ಕುಕ್ಕೋದಿಲ್ಲ, ಗಾಳಿಗೂ ಅಷ್ಟು ಸುಲಭಕ್ಕೆ ಆರೋದಿಲ್ಲ. ಹಿಂದಿನಿಂದ ಬರೋನಿಗೆ ಉರುಳೋ ಚಕ್ರದ ಅರೆಗಳ ನೆರಳು, ಮುಂದಿನಿಂದ ಬರೋನಿಗೆ ಎತ್ತಿನ ಕಾಲಿನ ನೆರಳು ಕಾಣುತ್ತೆ. ಅದು ನೋಡೋ ದೀಪ ಅಲ್ಲ, ಕಾಣಿಸ್ಕೊಳ್ಳೋ ದೀಪ. ನಮ್ಮ ಭಾಗ 1956ರವರೆಗೂ ಮುಂಬೈ ಪ್ರಾಂತಕ್ಕೆ, ಧಾರವಾಡ ಜಿಲ್ಲೆಗೆ ಸೇರಿದ್ದು. ಆ ಪ್ರಾಂತದಲ್ಲಿ ಕರಾಡ ಹತ್ತಿರದ ಓಗಲೆವಾಡಿಯ ಗಾಜಿನ ಕಾರ್ಖಾನೆಯಿಂದ ಬರ್ತಿದ್ದ ಪ್ರಭಾಕರ ಕಂದೀಲು ಹೆಸರುವಾಸಿ. ಬತ್ತಿ ಕತ್ತರಿಸೋದು, ಗಾಜು ಬೂದಿಯಿಂದ ತಿಕ್ಕೋದು, ಗ್ಯಾಸೆಣ್ಣೆ ಹಾಕೋದು, ಇಷ್ಟೇ ಅದರ ರಿಪೇರಿ. ಮನೆಯ ಹೆಣ್ಣುಮಕ್ಕಳಿಗೂ ಬರ್ತಿತ್ತು, ಹುಡುಗರಿಗೂ ಬರ್ತಿತ್ತು. ಗಾಜು ಮಸಿ ಹಿಡಿದಿದೆ ಅಂದ್ರೆ ಕಣ್ಣಿಗೆ ಕಾಣ್ತಿತ್ತು. ಈ ಮಾತು ನೆನಪಲ್ಲಿಟ್ಟುಕೊಳ್ಳಿ, ಪ್ಲಾಸ್ಟಿಕ್ಕಿನ ವಿಷಯಕ್ಕೆ ಬಂದಾಗ ಬೇಕಾಗುತ್ತೆ.

ಮೋಟಾರು ಬಂದ ಹೊಸದರ ಬಗ್ಗೆ ಜಾಸ್ತಿ ಹೇಳೋದಿಲ್ಲ. ಮೊದಮೊದಲ ಕಾರುಗಳ ಮುಂದೆ ಇದ್ದದ್ದು ಕಾರ್ಬೈಡ್ ದೀಪ. ಕಲ್ಲಿನಂಥ ಕ್ಯಾಲ್ಸಿಯಂ ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿದ್ರೆ ಅಸಿಟಿಲೀನ್ ಅನಿಲ ಹುಟ್ಟುತ್ತೆ, ಅದಕ್ಕೆ ಬೆಂಕಿ ಹಚ್ಚೋದು. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರು, ವಿದ್ಯುತ್ ದೀಪ ಎರಡೂ ಒಟ್ಟಿಗೆ ಬಂದ್ವು. ಎರಡು ವರ್ಷದ ನಂತರ, 1914ರಲ್ಲಿ, ಇಡೀ ಬ್ರಿಟಿಷ್ ಇಂಡಿಯಾಕ್ಕೆ ಮೊದಲ ಮೋಟಾರು ವಾಹನ ಕಾಯ್ದೆ ಬಂತು. ಆಗ ಕಾರು ಅಂದ್ರೆ ಸಂಸ್ಥಾನಿಕರು, ದೊಡ್ಡ ಸಾಹುಕಾರರು, ಸಾಹೇಬರು. ನಮ್ಮ ಹಳ್ಳಿಯ ಜನಕ್ಕೆ ಮೋಟಾರಿನ ದೀಪ ಹತ್ತಿರದಿಂದ ಪರಿಚಯ ಆಗಿದ್ದು ಅದಾಗಿ ಬಹಳ ವರ್ಷಕ್ಕೆ, ಜೀಪಿನ ಮೂಲಕ.

ಜೀಪು ಯುದ್ಧದ ಕೂಸು. 1941ರಿಂದ ಅಮೆರಿಕದ ಸೈನ್ಯಕ್ಕೆ ವಿಲ್ಲೀಸ್ ಕಂಪನಿ ಮಾಡಿಕೊಟ್ಟ ಗಾಡಿ. ಅದರ ದೀಪಗಳ ವಿಚಾರ ಬಹಳ ಮಜಾ ಇದೆ, ಸ್ವಲ್ಪ ನಿಂತು ಹೇಳ್ತೀನಿ. ಮುಂದಿನ ಹೆಡ್‌ಲೈಟಿಗೆ ತಿರುಗಣೆ ಇತ್ತು. ಬಾನೆಟ್ ಎತ್ತಿ, ಕಿವಿನಟ್ಟು ಸಡಿಲ ಮಾಡಿ ದೀಪವನ್ನ ಹಿಂದಕ್ಕೆ ಮಗುಚಿದ್ರೆ ಅದೇ ದೀಪ ಎಂಜಿನ್ ಮೇಲೆ ಬೆಳಕು ಚೆಲ್ಲುತ್ತೆ. ರಾತ್ರಿ ರಿಪೇರಿಗೆ ಬ್ಯಾಟರಿ ಹುಡುಕೋದೇ ಬೇಡ. ಇನ್ನು ಹಿಂದಿನ ದೀಪ. ವಿಮಾನಕ್ಕೆ ಕಾಣಬಾರದು, ಆದ್ರೆ ಹಿಂದೆ ಬರೋ ನಮ್ಮದೇ ಗಾಡಿಗೆ ಕಾಣಬೇಕು. ಅದಕ್ಕೆ ಬೆಕ್ಕಿನ ಕಣ್ಣಿನಂಥ ಸಣ್ಣ ಕಿಂಡಿಗಳು. ದೂರದಿಂದ ನೋಡಿದ್ರೆ ಅವೆಲ್ಲ ಕೂಡಿ ಒಂದೇ ಚುಕ್ಕಿ. ಹತ್ತಿರ ಬಂದ್ರೆ ಎರಡು. ಇನ್ನೂ ಹತ್ತಿರ ಬಂದ್ರೆ ನಾಲ್ಕು. ಹಿಂದಿನ ಡ್ರೈವರು ಚುಕ್ಕಿ ಎಣಿಸಿ ತನ್ನ ಅಂತರ ಕಾಯ್ಕೋಬೇಕು. ಸಾಲಾಗಿ ಹೋಗೋ ನೂರಾರು ಗಾಡಿಗಳು ಕತ್ತಲಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೀದೇ ಇದ್ದದ್ದು ಈ ಲೆಕ್ಕದಿಂದ. ಹಿಂದಿನ ದೀಪದ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡ ಗಾಡಿ ಆಮೇಲೆ ಬಹಳ ದಿನ ಬರಲಿಲ್ಲ ಅಂತಾನೇ ನನ್ನ ಅನಿಸಿಕೆ.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮಹೀಂದ್ರಾ ಕಂಪನಿ ಮುಂಬೈಯಲ್ಲಿ ವಿಲ್ಲೀಸ್ ಜೀಪು ಜೋಡಿಸೋಕೆ ಶುರು ಮಾಡ್ತು. 1952ರ ಅಕ್ಟೋಬರ್ 2ಕ್ಕೆ ಸಮುದಾಯ ಅಭಿವೃದ್ಧಿ ಯೋಜನೆ ಆರಂಭ ಆಯ್ತು. ದೇಶದ ತುಂಬಾ ಬ್ಲಾಕುಗಳು, ಬ್ಲಾಕಿಗೊಬ್ಬ ಬಿಡಿಓ, ಬಿಡಿಓಗೊಂದು ಜೀಪು. ಆಮೇಲೆ ಅದೇ ಜೀಪುಗಳು ಹರಾಜಾಗಿ, ಕೈ ಬದಲಾಗಿ, ಹಿಂದೆ ಎದುರುಬದುರು ಸೀಟು ಹಾಕಿಸ್ಕೊಂಡು ಬಾಡಿಗೆ ಗಾಡಿಗಳಾದ್ವು. ಬಸ್ಸು ಇಲ್ಲದ ಹಳ್ಳಿಗೆ ಹೆರಿಗೆಗೆ ಹೋಗಿದ್ದೂ ಅದೇ, ಮದುವೆ ದಿಬ್ಬಣ ಹೋಗಿದ್ದೂ ಅದೇ.

ಆ ಕಾಲದ ಒಂದು ಅನುಕೂಲ ಇವತ್ತಿನವರಿಗೆ ಗೊತ್ತಿಲ್ಲ. ಏಳು ಇಂಚಿನ ದುಂಡನೆ ಹೆಡ್‌ಲೈಟು. 1940ರ ಸುಮಾರಿಗೆ ಅಮೆರಿಕದಲ್ಲಿ ಎಲ್ಲ ಕಾರಿಗೂ ಒಂದೇ ಅಳತೆಯ ದೀಪ ಅಂತ ಕಡ್ಡಾಯ ಮಾಡಿದ್ರು, ಅದು ಜಗತ್ತಿಗೆಲ್ಲ ಹರಡ್ತು. ನಮ್ಮಲ್ಲಿ ಜೀಪಿಗೂ ಅದೇ, ಅಂಬಾಸಿಡರಿಗೂ ಅದೇ, ಲಾರಿ ಬಸ್ಸುಗಳಲ್ಲಿ ಬಹುತೇಕಕ್ಕೂ ಅದೇ ಅಳತೆ. ಗಾಜು ಒಡೆದ್ರೆ ಗದಗಿನವರೆಗೆ ಹೋಗೋದೇನೂ ಬೇಡ. ಬಸ್‌ಸ್ಟ್ಯಾಂಡ್ ಹತ್ತಿರದ ಬ್ಯಾಟರಿ ಅಂಗಡಿಯಲ್ಲೇ ಸಿಗ್ತಿತ್ತು. ನಮ್ಮ ಕಡೆ ಎಲೆಕ್ಟ್ರಿಷಿಯನ್ನರು ಅದಕ್ಕೆ ‘ಡೂಮ್’ ಅಂತಾರೆ. ಗಾಜು, ಒಳಗಿನ ಹೊಳಪು ತಟ್ಟೆ ಕೂಡಿದ ಇಡೀ ಬಟ್ಟಲಿಗೆ ಆ ಹೆಸರು. ಡಿಮ್-ಡಿಪ್ ಮಾಡೋ ಸ್ವಿಚ್ಚು ಕಾಲ ಕೆಳಗೆ, ಕ್ಲಚ್ಚಿನ ಎಡಕ್ಕೆ. ಎಡಗಾಲಲ್ಲಿ ಒತ್ತಿದ್ರೆ ಡಿಪ್ಪು, ಮತ್ತೆ ಒತ್ತಿದ್ರೆ ಡಿಮ್ಮು. ಹೊಲದ ಎರೆಮಣ್ಣು ಚಪ್ಪಲಿಗೆ ಹತ್ತಿ ಬಂದು ಅದರೊಳಗೆ ಕೂತ್ರೆ ಸ್ವಿಚ್ಚು ಜಾಮು. ನಮ್ಮ ಸೋದರಮಾವ ರೋಣದಲ್ಲಿ ಬಾಡಿಗೆ ಜೀಪು ಓಡಿಸ್ತಿದ್ರು. ಮಳೆಗಾಲದಲ್ಲಿ ಗಾಡಿ ಹತ್ತೋ ಮೊದಲು ನನಗೆ ಹೇಳೋದು ಒಂದೇ ಮಾತು: “ಅಳಿಯಾ, ಕಾಲ ಝಾಡಿಸಿಕೊಂಡು ಹತ್ತಪಾ, ಡಿಪ್ಪರ್ ಕೆಟ್ಟೀತು.” ಲಾರಿ ಹಿಂದೆ ‘ರಾತ್ರಿ ಡಿಪ್ಪರ್ ಬಳಸಿ’ ಅಂತ ಬರೆಯೋ ಪದ್ಧತಿ ಯಾಕೆ ಬಂತು ಅಂತ ಅರ್ಥ ಆಗೋಕೆ ಆ ಸ್ವಿಚ್ಚು ಒತ್ತಿ ನೋಡಬೇಕಿತ್ತು.

1971ರ ಯುದ್ಧದಲ್ಲಿ ಉತ್ತರ ಭಾರತದ ನಗರಗಳಲ್ಲಿ ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಬಳಿದ್ರು. ಯುದ್ಧ ಮುಗಿದ ಮೇಲೂ ಎಷ್ಟೋ ವರ್ಷ ಪೊಲೀಸರು ಗಾಡಿ ನಿಲ್ಲಿಸಿ ಗಾಜಿನ ನಡುವೆ ಕಪ್ಪು ಪಟ್ಟಿ, ಕಪ್ಪು ಚುಕ್ಕಿ ಹಚ್ಚಿಸ್ತಿದ್ರು, ಎದುರಿನವನ ಕಣ್ಣು ಕುಕ್ಕಬಾರದು ಅಂತ. ಅರ್ಧ ಶಾಸ್ತ್ರ, ಅರ್ಧ ದೃಷ್ಟಿಬೊಟ್ಟು. ಪೂರ್ತಿ ಉಪಯೋಗ ಇಲ್ಲದ್ದೇನಲ್ಲ, ಆದರೆ ದೀಪದ ಕೋನ ಸರಿಯಿಲ್ಲದಿದ್ರೆ ಬಣ್ಣ ಏನೂ ಮಾಡೋದಿಲ್ಲ.

ಇನ್ನು ನಮ್ಮ ನಿಜವಾದ ಕಥಾನಾಯಕ. 1994ರಲ್ಲಿ ಟಾಟಾ ಸುಮೋ ಬಂತು. ಸುಮಂತ್ ಮೂಳಗಾವಕರ್ ಅನ್ನೋ ಟಾಟಾ ಕಂಪನಿಯ ದೊಡ್ಡ ಎಂಜಿನಿಯರರ ಹೆಸರಿನ ಮೊದಲಕ್ಷರಗಳಿಂದ ಆ ಹೆಸರು. ಜಪಾನಿನ ಕುಸ್ತಿಗೂ ಅದಕ್ಕೂ ಸಂಬಂಧ ಇಲ್ಲ. 1997ರಲ್ಲಿ ಗದಗ ಬೇರೆ ಜಿಲ್ಲೆ ಆಯ್ತು, ನಂಬರು ಪ್ಲೇಟಿನ ಮೇಲೆ ಕೆಎ 26 ಬಂತು. 2000ದಲ್ಲಿ ಕ್ವಾಲಿಸ್, ಅದೇ ವರ್ಷ ಬೊಲೆರೊ, 2002ರಲ್ಲಿ ಸ್ಕಾರ್ಪಿಯೊ. ಈರುಳ್ಳಿಗೆ ಒಳ್ಳೇ ರೇಟು ಸಿಕ್ಕ ವರ್ಷ ಊರಿಗೊಂದು ಬೊಲೆರೊ ಅಂತ ನಗಾಡ್ತಿದ್ರು. ಅಲ್ಲಿಗೆ ಬಾಡಿಗೆ ಜೀಪು ಹೋಗಿ ಮನೆಯ ಗಾಡಿ ಬಂತು. ತಂದೆ, ತಾಯಿ, ಅಣ್ಣ, ವೈನಿ, ಮಕ್ಕಳು, ಮೇಲೆ ಕ್ಯಾರಿಯರ್‌ನಲ್ಲಿ ಬುತ್ತಿ ಗಂಟು, ಪಾತ್ರೆ, ಹಾಸಿಗೆ. ರಸ್ತೆಯೂ ಸುಧಾರಿಸ್ತು, ವೇಗವೂ ಹೆಚ್ಚಾಯ್ತು. ಹುಬ್ಬಳ್ಳಿ–ವಿಜಯಪುರ ಹೆದ್ದಾರಿ ನರಗುಂದದ ಮೂಲಕವೇ ಹೋಗೋದು. ಮೂರು ನಾಲ್ಕು ಕಿಲೋಮೀಟರ್ ವೇಗದ ಚಕ್ಕಡಿ ಇದ್ದ ದಾರಿಯಲ್ಲಿ ಎಂಬತ್ತರ ವೇಗ.

ದೀಪದ ಜಗಳ ಶುರುವಾಗಿದ್ದು ಇಲ್ಲಿ. ಎಂಬತ್ತರಲ್ಲಿ ಹೋಗೋ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತೆ. ಡಿಮ್ ಹಾಕಿದಾಗ ಚೆನ್ನಾಗಿ ಕಾಣೋದು ನಲವತ್ತು, ಐವತ್ತು ಮೀಟರ್. ಕತ್ತಲಲ್ಲಿ ಏನೋ ಕಂಡು, ಕಾಲು ಬ್ರೇಕಿಗೆ ಹೋಗಿ, ಗಾಡಿ ನಿಲ್ಲೋಕೆ ಒಣ ರಸ್ತೆಯಲ್ಲೇ ಅರವತ್ತೈದು ಎಪ್ಪತ್ತು ಮೀಟರ್ ಬೇಕು. ಲೆಕ್ಕ ಹೊಂದೋದೇ ಇಲ್ಲ. ಹಂಗಾಗಿ ಜನ ಹೆಚ್ಚು ಬೆಳಕು ಬೇಕು ಅಂದ್ರು. 1971ರಲ್ಲಿ ಯುರೋಪಿನಲ್ಲಿ ಬಂದ ಎಚ್4 ಹ್ಯಾಲೊಜೆನ್ ಬಲ್ಬು ನಮ್ಮಲ್ಲಿ ಮಾಮೂಲಿ ಆಗಿತ್ತು. ಒಂದೇ ಬಲ್ಬಿನಲ್ಲಿ ಎರಡು ತಂತಿ, 60 ಮತ್ತು 55 ವ್ಯಾಟ್. ಡಿಮ್ಮಿನ ತಂತಿಯ ಕೆಳಗೆ ಒಂದು ಪುಟ್ಟ ಲೋಹದ ತಟ್ಟೆ ಇರುತ್ತೆ, ಬೆಳಕು ಬಟ್ಟಲಿನ ಕೆಳಭಾಗಕ್ಕೆ ಬೀಳದ ಹಾಗೆ ತಡೆಯೋಕೆ. ಎದುರಿನವನ ಕಣ್ಣು ಉಳಿಯೋದು ಆ ತಟ್ಟೆಯಿಂದ. ಜನ ಅದನ್ನ ತೆಗೆದು 90, 100 ವ್ಯಾಟಿನ ಬಲ್ಬು ಹಾಕಿಸಿದ್ರು. ಕಂಪನಿಯ ವೈರು ಅಷ್ಟು ಕರೆಂಟಿಗೆ ಮಾಡಿದ್ದಲ್ಲ. ಹೋಲ್ಡರ್ ಕರಗ್ತು, ಸ್ವಿಚ್ಚು ಸುಟ್ಟಿತು, ಡೂಮಿನ ಒಳಗಿನ ಬೆಳ್ಳಿ ಬಣ್ಣ ಕಂದು ಹೊಡೀತು.

ಎಲೆಕ್ಟ್ರಿಷಿಯನ್ ಹತ್ತಿರ ಹೋದ್ರೆ ಗಾಡಿಯವ್ರು ಹೇಳೋದು, “ಲೈಟ್ ಮಿಣಮಿಣ ಅಂತಾವರಿ, ದೊಡ್ಡ ಬಲ್ಬ್ ಹಾಕ್ರಿ.” ಒಳ್ಳೇ ಎಲೆಕ್ಟ್ರಿಷಿಯನ್ ಆದ್ರೆ ಮೊದಲು ವೋಲ್ಟೇಜ್ ನೋಡ್ತಾನೆ. ಹ್ಯಾಲೊಜೆನ್ ಬಲ್ಬಿನ ಸ್ವಭಾವ ಹೆಂಗಂದ್ರೆ, ವೋಲ್ಟೇಜು ಶೇ 10ರಷ್ಟು ಇಳಿದ್ರೆ ಬೆಳಕು ಶೇ 30ರಷ್ಟು ಇಳಿಯುತ್ತೆ. ಹಳೇ ಗಾಡಿಗಳಲ್ಲಿ ಬ್ಯಾಟರಿಯಿಂದ ಹೊರಟ ಕರೆಂಟು ಸ್ಟೇರಿಂಗ್ ಹತ್ತಿರದ ಸ್ವಿಚ್ಚಿನವರೆಗೆ ಬಂದು, ಮತ್ತೆ ಮುಂದಕ್ಕೆ ಹೋಗಬೇಕು. ಅಷ್ಟು ಉದ್ದದ ಸಣ್ಣ ವೈರು, ನಡುವೆ ಪಾಚಿಗಟ್ಟಿದ ಜೋಡಣೆಗಳು. ಒಂದು ರಿಲೇ ಹಾಕಿ, ಬ್ಯಾಟರಿಯಿಂದ ನೇರ ದಪ್ಪ ವೈರು ಎಳೆದು, ಅರ್ಥಿಂಗ್ ತಿಕ್ಕಿದ್ರೆ ಹಳೇ 55 ವ್ಯಾಟೇ ಹೊಸದರ ಹಾಗೆ ಉರಿಯುತ್ತೆ. ಇದರ ಖರ್ಚು ಕೆಲವು ನೂರು. ಬೊಲೆರೊ, ಸುಮೋ ಇನ್ನೂ ಇಟ್ಟುಕೊಂಡವರು ಇದನ್ನ ಮಾಡಿಸ್ರಿ ಅಂತ ಧೈರ್ಯವಾಗಿ ಹೇಳ್ತೀನಿ.

ಮತ್ತೊಂದು ತೊಂದರೆ ಬಲ್ಬಿಗೆ ಸಂಬಂಧವೇ ಇಲ್ಲದ್ದು. ಡಿಮ್ ಹಾಕಿದ್ರೂ ಎದುರಿನವನು ಲೈಟು ಹೊಡೆದು ಬೈತಾನೆ, ನಮಗೆ ಯಾಕೆ ಅಂತ ಗೊತ್ತಾಗೋದಿಲ್ಲ. ಡಿಮ್ಮಿನ ಬೆಳಕನ್ನ ಸಾಮಾನ್ಯವಾಗಿ 10 ಮೀಟರಿಗೆ 10 ಸೆಂಟಿಮೀಟರ್ ಇಳಿಯೋ ಹಾಗೆ ಹೊಂದಿಸಿರ್ತಾರೆ. 50 ಮೀಟರ್ ದೂರಕ್ಕೆ ಅದು ದೀಪದ ಎತ್ತರಕ್ಕಿಂತ ಅರ್ಧ ಮೀಟರ್ ಕೆಳಗಿರಬೇಕು. ಈಗ ಹಿಂದಿನ ಸೀಟಿನಲ್ಲಿ ನಾಲ್ಕು ಜನ, ಡಿಕ್ಕಿಯಲ್ಲಿ ಎರಡು ಚೀಲ ಕಡಲೆ. ಹಿಂಭಾಗ 5 ಸೆಂಟಿಮೀಟರ್ ಕುಸೀತು ಅಂದ್ಕೊಳ್ಳಿ. ಎರಡು ಚಕ್ರದ ನಡುವೆ ಸುಮಾರು 2.7 ಮೀಟರ್. ಅಷ್ಟಕ್ಕೇ 50 ಮೀಟರ್ ದೂರದಲ್ಲಿ ಬೆಳಕು 90 ಸೆಂಟಿಮೀಟರಿಗಿಂತ ಹೆಚ್ಚು ಮೇಲೇಳುತ್ತೆ. ಬೈಕಿನವನ ಎದೆಗೆ, ಕಣ್ಣಿಗೆ ನೇರ. ಖಾಲಿ ಗಾಡಿಯಲ್ಲಿ ಸರಿ ಇದ್ದ ದೀಪ ಜಾತ್ರೆಯ ರಾತ್ರಿ ಮಾತ್ರ ತಪ್ಪಾಗೋದು ಹಿಂಗೆ. ಎಷ್ಟೋ ಗಾಡಿಗಳಲ್ಲಿ ಸ್ಟೇರಿಂಗಿನ ಬಲಕ್ಕೆ 0, 1, 2, 3 ಅಂತ ಒಂದು ಸಣ್ಣ ಚಕ್ರ ಇರುತ್ತೆ. ಅದು ಇದಕ್ಕೇ. ಭಾರ ಹೆಚ್ಚಾದಾಗ ತಿರುಗಿಸಿ ಬೆಳಕು ಇಳಿಸೋಕೆ. ಹತ್ತು ವರ್ಷ ಗಾಡಿ ಓಡಿಸಿಯೂ ಅದನ್ನ ಮುಟ್ಟದವರನ್ನ ನಾನು ಬಲ್ಲೆ.

ಮುಂದಿನ ದೀಪಕ್ಕೆ ಇಷ್ಟೆಲ್ಲ. ಹಿಂದಿನದಕ್ಕೆ? ನೆಲದ ಕಡೆಯ ಜೋಡಣೆಗೆ, ಅಂದ್ರೆ ಅರ್ಥಿಂಗಿಗೆ, ಬರೋಣ. ನನ್ನ ಪ್ರಕಾರ ಹಳೇ ಎಸ್‌ಯುವಿಗಳ ಹಿಂದಿನ ದೀಪದ ಅರ್ಧಕ್ಕರ್ಧ ರೋಗ ಇದೇ. ಗಾಡಿಯಲ್ಲಿ ಬಲ್ಬಿಗೆ ಒಂದು ವೈರು ಬರುತ್ತೆ, ವಾಪಸ್ಸು ಹೋಗೋ ದಾರಿ ಗಾಡಿಯ ಕಬ್ಬಿಣದ ಮೈಯೇ. ಆ ಕಬ್ಬಿಣಕ್ಕೆ ತುಕ್ಕು ಹಿಡಿದ್ರೆ ಕರೆಂಟಿಗೆ ಮನೆಗೆ ಹೋಗೋ ದಾರಿ ಬಂದ್. ಅದು ಸುಮ್ಮನಿರೋದಿಲ್ಲ, ಪಕ್ಕದ ಬಲ್ಬಿನ ಮೂಲಕ ಕಳ್ಳದಾರಿ ಹಿಡಿಯುತ್ತೆ. ಬಲಗಡೆ ಇಂಡಿಕೇಟರ್ ಹಾಕಿದ್ರೆ ಟೇಲ್ ಲ್ಯಾಂಪು ಮಿಣಕೋದು, ಬ್ರೇಕ್ ಒತ್ತಿದ್ರೆ ಇಂಡಿಕೇಟರ್ ಅರೆಬರೆ ಹೊತ್ತೋದು, ಇವೆಲ್ಲ ಈ ಕಳ್ಳದಾರಿಯ ಗುರುತು. ಬಲ್ಬು ಬದಲಿಸಿ ಬದಲಿಸಿ ಸಾಕಾದವರು ಒಮ್ಮೆ ಉಪ್ಪುಕಾಗದ ತಗೊಂಡು ಆ ಸ್ಕ್ರೂ ಬುಡ ತಿಕ್ಕಿ ನೋಡಬೇಕು.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರು ಮುಳುಗಿದ್ದು ನಿಮಗೆ ನೆನಪಿದೆ. ಬೆಣ್ಣೆಹಳ್ಳ ಬೇರೆ ತುಂಬಿ ಬರುತ್ತೆ, ಅದು ರೋಣ ತಾಲ್ಲೂಕಿನಲ್ಲಿ ಮಲಪ್ರಭೆಗೆ ಕೂಡೋದು. ನೀರಲ್ಲಿ ನಿಂತ ಗಾಡಿಯ ಎಂಜಿನ್ನು ಎಲ್ಲರೂ ರಿಪೇರಿ ಮಾಡಿಸ್ತಾರೆ. ಹಿಂದಿನ ಬಂಪರಿನ ಒಳಗಿನ ಕನೆಕ್ಟರ್ ಯಾರು ಬಿಚ್ಚಿ ನೋಡ್ತಾರೆ? ಅದು ಆರು ತಿಂಗಳು ಹಸಿರುಗಟ್ಟುತ್ತಾ ಕೂತು, ಒಂದು ದಿನ ಸುಮ್ಮನೆ ಕೆಲಸ ನಿಲ್ಲಿಸುತ್ತೆ. ಸುಮ್ಮನೆ ಅಂದ್ರೆ ನಿಜವಾಗಿ ಸುಮ್ಮನೆ. ಮುಂದಿನ ದೀಪ ಹೋದ್ರೆ ಡ್ರೈವರಿಗೆ ತಕ್ಷಣ ಗೊತ್ತಾಗುತ್ತೆ. ಇಂಡಿಕೇಟರ್ ಬಲ್ಬು ಒಂದು ಹೋದ್ರೂ ಒಳಗೆ ಟಿಕ್‌ಟಿಕ್ ಸದ್ದು ದುಪ್ಪಟ್ಟು ವೇಗ ಆಗಿ ಹೇಳುತ್ತೆ. ಮಾಮೂಲಿ ಅದು ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು. ಬ್ರೇಕ್ ಲೈಟು ಹೋದ್ರೆ? ಹೆಚ್ಚಿನ ಹಳೇ ಗಾಡಿಗಳಲ್ಲಿ ಅದನ್ನ ಹೇಳೋ ವ್ಯವಸ್ಥೆಯೇ ಇಲ್ಲ. ಆ ಬಲ್ಬಿನಲ್ಲೂ ಎರಡು ತಂತಿ: 5 ವ್ಯಾಟಿನದು ಟೇಲಿಗೆ, 21 ವ್ಯಾಟಿನದು ಬ್ರೇಕಿಗೆ. ಒಂದು ಹೋಗಿ ಇನ್ನೊಂದು ಉಳಿದ್ರೆ ಹಿಂದಿನಿಂದ ನೋಡೋರಿಗೂ ಎಲ್ಲ ಸರಿ ಇದೆ ಅನ್ನಿಸುತ್ತೆ. ಎರಡೂ ಕಡೆ ಒಟ್ಟಿಗೆ ಬ್ರೇಕ್ ಲೈಟು ಹೋಗಿದ್ರೆ ಬಲ್ಬು ಬೈಬೇಡಿ, ಫ್ಯೂಸು ನೋಡಿ, ಆಮೇಲೆ ಬ್ರೇಕ್ ಪೆಡಲಿನ ಮೇಲಿರೋ ಸಣ್ಣ ಸ್ವಿಚ್ಚು ನೋಡಿ.

ಕಂದೀಲಿನ ಗಾಜಿನ ಮಾತು ಈಗ. 1980ರ ದಶಕದಲ್ಲಿ ಅಮೆರಿಕದಲ್ಲಿ ಹೆಡ್‌ಲೈಟಿಗೆ ಗಾಜಿನ ಬದಲು ಪ್ಲಾಸ್ಟಿಕ್ ಹಾಕೋಕೆ ಒಪ್ಪಿಗೆ ಸಿಕ್ತು. ಪಾಲಿಕಾರ್ಬೊನೇಟ್ ಅಂತ. ಹಗುರ, ಒಡೆಯೋದಿಲ್ಲ, ಬೇಕಾದ ಆಕಾರಕ್ಕೆ ಬಗ್ಗುತ್ತೆ. ನಮ್ಮ ಗಾಡಿಗಳಿಗೂ ಬಂತು. ದುಂಡು ದೀಪ ಹೋಗಿ ಗಾಡಿಗೊಂದು ಆಕಾರದ ಕಣ್ಣು ಬಂತು. ಆದರೆ ಪಾಲಿಕಾರ್ಬೊನೇಟಿಗೆ ಬಿಸಿಲಿನ ಅತಿನೇರಳೆ ಕಿರಣ ಆಗೋದಿಲ್ಲ. ಮೇಲೆ ಒಂದು ತೆಳು ಲೇಪ ಇರುತ್ತೆ, ಅದು ಸವೆದ ಮೇಲೆ ಹಳದಿ, ಆಮೇಲೆ ಮಂಜು ಕವಿದ ಕಣ್ಣಿನ ಹಾಗೆ. ನಮ್ಮೂರಿನ ಏಪ್ರಿಲ್ ಬಿಸಿಲು ಹೇಳಬೇಕಾದ್ದಿಲ್ಲ. ಅದರ ಮೇಲೆ ಧೂಳು, ಸುಗ್ಗಿಯಲ್ಲಿ ರಸ್ತೆ ಮೇಲೆ ಹಾಸಿದ ರಾಶಿಯ ಹೊಟ್ಟು. ಒಣ ಅರಿವೆಯಿಂದ ಗಸಗಸ ಒರೆಸಿದ್ರೆ ಧೂಳಿನ ಕಣ ಉಪ್ಪುಕಾಗದದ ಹಾಗೆ ಕೆಲಸ ಮಾಡುತ್ತೆ. ಟೂತ್‌ಪೇಸ್ಟ್ ಹಚ್ಚಿ ತಿಕ್ಕೋ ವಿಡಿಯೊ ನೀವೂ ನೋಡಿರ್ತೀರಿ. ಸ್ವಲ್ಪ ದಿನ ಹೊಳೆಯೋದು ನಿಜ, ಆದರೆ ಉಳಿದಿದ್ದ ಲೇಪವೂ ಅದರ ಜೊತೆ ಹೋಗುತ್ತೆ. ಮರಳು ಕಾಗದದಲ್ಲಿ ಹಂತಹಂತವಾಗಿ ತಿಕ್ಕಿಸಿ, ಮೇಲೆ ಬಿಸಿಲು ತಡೆಯೋ ಹೊಸ ಲೇಪ ಹಾಕಿಸಿದ್ರೆ ಮಾತ್ರ ಬಾಳಿಕೆ. ಎಲ್ಲಕ್ಕಿಂತ ಅಗ್ಗದ ಔಷಧ ಅಂದ್ರೆ ಗಾಡಿಯ ಮೂತಿಯನ್ನ ನೆರಳಿಗೆ ಮಾಡಿ ನಿಲ್ಲಿಸೋದು.

ದೀಪದ ಒಳಗೆ ಮಳೆಗಾಲದಲ್ಲಿ ಹಬೆ ಕಟ್ಟೋದು ಇನ್ನೊಂದು ದೂರು. ಬೆಳಗ್ಗೆ ತೆಳುವಾಗಿ ಕಟ್ಟಿ, ದೀಪ ಹಚ್ಚಿದ ಮೇಲೆ ಆರಿದ್ರೆ ಚಿಂತೆ ಬೇಡ. ಉಸಿರಾಡೋಕೆ ಅಂತಾನೇ ಅದಕ್ಕೆ ಸಣ್ಣ ರಂಧ್ರ ಬಿಟ್ಟಿರ್ತಾರೆ. ಹನಿ ನಿಂತ್ರೆ, ಕೆಳಗೆ ನೀರು ಕೂತ್ರೆ, ಅದು ಸೀಳು. ನಮ್ಮ ಮನೆಯವರ ಗಾಡಿಗೆ ಇದೇ ಆದಾಗ ಒಂದು ಸರ್ವಿಸ್ ಸೆಂಟರಿನವರು ಇಡೀ ದೀಪವೇ ಬದಲಿಸಬೇಕು ಅಂತ ಹತ್ತಾರು ಸಾವಿರದ ಚೀಟಿ ಕೊಟ್ರು. ಊರಿನ ಹುಡುಗನೊಬ್ಬ ಹಿಂದಿನ ರಬ್ಬರ್ ಮುಚ್ಚಳ ಸಡಿಲಾಗಿದ್ದು ನೋಡಿ, ಒಣಗಿಸಿ, ಹೊಸ ಮುಚ್ಚಳ ಹಾಕಿದ. ಎಲ್ಲ ದೀಪಕ್ಕೂ ಇದು ಆಗೋದಿಲ್ಲ. ಹೊಸ ಎಲ್‌ಇಡಿ ದೀಪಗಳು ಬಿಚ್ಚೋಕೆ ಬಾರದ ಹಾಗೆ ಅಂಟಿಸಿದ ಡಬ್ಬಿಗಳು. ಒಳಗಿನ ಒಂದು ಚೂರು ಹೋದ್ರೂ ಪೂರ್ತಿ ಡಬ್ಬಿ.

ಎಲ್‌ಇಡಿಯನ್ನ ಬೈಯೋಕೆ ಮನಸ್ಸಿಲ್ಲ. ಬ್ರೇಕ್ ಲೈಟಿಗೆ ಅದರಷ್ಟು ಒಳ್ಳೇದು ಬೇರೆ ಇಲ್ಲ. ತಂತಿ ಬಲ್ಬು ಕಾದು ಕೆಂಪಾಗೋಕೆ ಸುಮಾರು 0.2 ಸೆಕೆಂಡ್ ಬೇಕು, ಎಲ್‌ಇಡಿ ಆ ಕ್ಷಣಕ್ಕೇ ಹೊತ್ತುತ್ತೆ. ತೊಂಬತ್ತರ ವೇಗದಲ್ಲಿ ಹಿಂದೆ ಬರೋನಿಗೆ ಅದು 5 ಮೀಟರ್ ಉಳಿಸಿದ ಹಾಗೆ. ಆದರೆ ಹ್ಯಾಲೊಜೆನ್ನಿಗೆ ಮಾಡಿದ ಹಳೇ ಡೂಮಿನಲ್ಲಿ ಸಂತೆಯ ಎಲ್‌ಇಡಿ ಬಲ್ಬು ಹಾಕಿದ್ರೆ ಬೆಳಕು ಹುಟ್ಟೋ ಜಾಗವೇ ಬದಲಾಗಿ, ಎಲ್ಲೆಂದರಲ್ಲಿ ಚೆಲ್ಲುತ್ತೆ. ನಮಗೆ ಬೆಳ್ಳಗೆ ಕಾಣುತ್ತೆ, ದೂರಕ್ಕೆ ಹೋಗೋದಿಲ್ಲ, ಎದುರಿನವನು ಕುರುಡಾಗ್ತಾನೆ.

ನನಗೆ ಹೆಚ್ಚು ಭಯ ಹುಟ್ಟಿಸೋದು ಮಾತ್ರ ಇನ್ನೂ ಹೊಸ ರೋಗ. ಈಗಿನ ಗಾಡಿಗಳ ಮುಂದೆ ಹಗಲು ದೀಪ ಇರುತ್ತೆ, ಡಿಆರ್‌ಎಲ್ ಅಂತ. ಎಂಜಿನ್ ಶುರುವಾದ್ರೆ ತಾನೇ ಹೊತ್ತುತ್ತೆ. ಒಳಗೆ ಮೀಟರುಗಳೂ ಯಾವಾಗಲೂ ಝಗಝಗ. ಮುಸ್ಸಂಜೆ ಗಜೇಂದ್ರಗಡದಿಂದ ಹೊರಟವನಿಗೆ ಮುಂದೆ ಬೆಳಕು ಬಿದ್ದಿದೆ, ಮೀಟರ್ ಕಾಣ್ತಿದೆ, ಲೈಟ್ ಹಾಕಿದ್ದೀನಿ ಅಂತಾನೇ ಅನ್ನಿಸುತ್ತೆ. ಆದರೆ ಎಷ್ಟೋ ಗಾಡಿಗಳಲ್ಲಿ ಡಿಆರ್‌ಎಲ್ ಜೊತೆ ಹಿಂದಿನ ಟೇಲ್ ಲ್ಯಾಂಪು ಹೊತ್ತೋದಿಲ್ಲ. ಗುಡ್ಡದ ಮೇಲಿನ ಗಾಳಿಯಂತ್ರಗಳ ಕೆಂಪು ದೀಪ ಮೈಲಿಗಟ್ಟಲೆ ದೂರಕ್ಕೆ ಮಿನುಗ್ತಿರುತ್ತೆ. ಅದರ ಕೆಳಗೆ ರಸ್ತೆಯಲ್ಲಿ ಮಕ್ಕಳುಮರಿ ತುಂಬಿದ ಗಾಡಿ ಹಿಂದೆ ಪೂರ್ತಿ ಕತ್ತಲಾಗಿ ಹೋಗ್ತಿರುತ್ತೆ. ಬೈಕುಗಳಿಗೆ 2017ರ ಏಪ್ರಿಲಿನಿಂದ ದೀಪ ಸದಾ ಹೊತ್ತಿರಬೇಕು ಅಂತ ನಿಯಮ ಬಂತು, ಅಲ್ಲಿ ಹಿಂದಿನದೂ ಜೊತೆಗೆ ಹೊತ್ತೋದರಿಂದ ಈ ತಾಪತ್ರಯ ಕಡಿಮೆ. ಕಾರಿನವರು ಸ್ವಿಚ್ಚನ್ನ ಕೈಯಿಂದಲೇ ತಿರುಗಿಸಬೇಕು, ಇಲ್ಲಾ ‘ಆಟೊ’ ಇದ್ರೆ ಅಲ್ಲೇ ಬಿಡಬೇಕು.

ಹಿಂದಿನ ದೀಪದ ವಿಷಯದಲ್ಲಿ ಕಾರಿನವರನ್ನಷ್ಟೇ ಅಂದ್ರೆ ಅನ್ಯಾಯ. ಸುಗ್ಗಿ ಕಾಲಕ್ಕೆ ಹತ್ತಿ, ಕಡಲೆ, ಮೆಣಸಿನಕಾಯಿ ಹೇರಿಕೊಂಡು ಹೋಗೋ ಟ್ರ್ಯಾಕ್ಟರಿನ ಟ್ರೇಲರ್ ನೋಡಿ. ಟ್ರ್ಯಾಕ್ಟರಿಗೆ ಹಿಂದೆ ದೀಪ ಇದ್ರೂ ಟ್ರೇಲರ್ ಅದನ್ನ ಮುಚ್ಚುತ್ತೆ. ಟ್ರೇಲರಿನ ದೀಪಕ್ಕೆ ಬೇರೆ ವೈರು, ಪ್ಲಗ್ಗು ಇರಬೇಕು. ಅದು ಮೊದಲ ವರ್ಷವೇ ಕಿತ್ತು ಹೋಗಿರುತ್ತೆ. ಕೇಂದ್ರ ಮೋಟಾರು ವಾಹನ ನಿಯಮಗಳು 1989ರಿಂದಲೂ ಹೇಳ್ತಿರೋದು, ಹಿಂದಿನ ಕೆಂಪು ದೀಪ 155 ಮೀಟರಿನಿಂದ ಕಾಣಬೇಕು ಅಂತ. ಎಂಬತ್ತರ ವೇಗದಲ್ಲಿ ಅದು ಏಳು ಸೆಕೆಂಡು. ದೀಪ ಇಲ್ಲದ ಟ್ರೇಲರ್ ನಮ್ಮ ಹೆಡ್‌ಲೈಟಿನ ಬೆಳಕಿಗೆ ಬಿದ್ದ ಮೇಲೆ ಸಿಗೋದು ಎರಡು ಸೆಕೆಂಡು. ದೀಪ ಇಲ್ಲದಿದ್ರೆ ಕೊನೇಪಕ್ಷ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ. ಅದಕ್ಕೆ ಕರೆಂಟೂ ಬೇಡ, ವೈರೂ ಬೇಡ. ಚಕ್ಕಡಿಯ ಹಿಂದಿನ ಹಲಗೆಗೂ ಹಚ್ಚಬಹುದು.

ಕೊನೆಗೆ, ನಂಬರ್ ಪ್ಲೇಟಿನ ಮೇಲಿನ ಪುಟ್ಟ ದೀಪ. ಗಾಡಿಯ ಹೊರಗಿನ ಎಲ್ಲ ದೀಪಗಳಲ್ಲಿ ಬಡಪಾಯಿ, ಹಳೇ ಗಾಡಿಗಳಲ್ಲಿ ಬರೀ 5 ವ್ಯಾಟು. ಹಿಂದಿನ ಬಾಗಿಲು ದಡಾರ್ ಅಂತ ಹಾಕಿ ಹಾಕಿ ಅದರ ತಂತಿ ಕಡಿಯುತ್ತೆ, ಬಾಗಿಲ ಸಂದಿನಲ್ಲಿ ವೈರು ಮಡಚಿ ಮಡಚಿ ತುಂಡಾಗುತ್ತೆ. ನಿಯಮದ ಪ್ರಕಾರ ಅದರ ಬಿಳಿ ಬೆಳಕಲ್ಲಿ ನಂಬರು 15 ಮೀಟರಿನಿಂದ ಓದೋಕೆ ಬರಬೇಕು. ಗುದ್ದಿ ಓಡಿಹೋದ ಗಾಡಿಯ ನಂಬರು ಯಾರಿಗೂ ಕಾಣಲಿಲ್ಲ ಅಂತ ಠಾಣೆಯಲ್ಲಿ ಬರೆಸೋ ಮಾತಿನ ಹಿಂದೆ ಎಷ್ಟೋ ಸಲ ಈ ಬಲ್ಬು ಇರುತ್ತೆ. ಇವತ್ತು ಸಂಜೆ ಮನೆಯವರೊಬ್ಬರನ್ನ ಗಾಡಿಯ ಹಿಂದೆ ನಿಲ್ಲಿಸಿ, ಒಂದೊಂದೇ ಸ್ವಿಚ್ಚು ಹಾಕ್ರಿ: ಟೇಲು, ಬ್ರೇಕು, ಎಡ, ಬಲ, ರಿವರ್ಸು, ನಂಬರ್ ಪ್ಲೇಟು. ಎರಡು ನಿಮಿಷದ ಕೆಲಸ.